ಕ್ಲೌಡ್‌ಸ್ಟ್ಯಾಕ್: ಸಿಸ್ಟಂ ವಿಎಂಗಳಿಗೆ ಪ್ರತ್ಯೇಕ ಹೋಸ್ಟ್ ಮೀಸಲಿಡುವ ಬಗ್ಗೆ ಸಹಾಯ ಬೇಕು

ನಮ್ಮಲ್ಲಿ 6 ಕೆವಿಎಂ ಹೋಸ್ಟ್‌ಗಳ (ವಿಎಂ ಅಂದರೆ ವರ್ಚುವಲ್ ಯಂತ್ರಗಳನ್ನು ನಡೆಸುವ ಸರ್ವರ್‌ಗಳ) ಒಂದೇ ಕ್ಲಸ್ಟರಿನಲ್ಲಿ ಅಪಾಚೆ ಕ್ಲೌಡ್‌ಸ್ಟ್ಯಾಕ್ ಎಂಬ ಕ್ಲೌಡ್ ನಿರ್ವಹಣಾ ತಂತ್ರಾಂಶ ನಡೆಯುತ್ತಿದ್ದು, ಅದು ತನ್ನ ಕೆಲಸಕ್ಕೆ ಬಳಸುವ ಸಿಸ್ಟಂ ವಿಎಂಗಳು (ಸೆಕೆಂಡರಿ ಸ್ಟೋರೇಜ್ ವಿಎಂ, ಕನ್ಸೋಲ್ ಪ್ರಾಕ್ಸಿ ಹಾಗೂ ವರ್ಚುವಲ್ ರೂಟರ್‌ಗಳು) ಬಳಕೆದಾರರ ವಿಎಂಗಳ ಜೊತೆಯಲ್ಲೇ ಕುಳಿತಿವೆ. ಕಳೆದ ವಾರ ಒಂದು ಹೋಸ್ಟಿನ ಸಿಪಿಯು ಪೂರ್ತಿ ಭರ್ತಿಯಾದಾಗ, ಯಾವ ವಿಎಂ ಅದನ್ನು ತಿನ್ನುತ್ತಿದೆಯೆಂದು ನೋಡಲು ಕನ್ಸೋಲ್ ತೆರೆದರೆ ಬರೀ ಕಪ್ಪು ಪರದೆ ಬಂತು. ಪರದೆಯನ್ನು ಒದಗಿಸುವ ಕನ್ಸೋಲ್ ಪ್ರಾಕ್ಸಿಯಾದ ವಿ-2-ವಿಎಂ ಕೂಡ ಅದೇ ಹೋಸ್ಟಿನಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಆದ್ದರಿಂದ 2 ಹೋಸ್ಟ್‌ಗಳನ್ನು ಸಿಸ್ಟಂ ವಿಎಂಗಳಿಗೆಂದೇ ಬಿಡಬೇಕೆಂದಿದ್ದೇವೆ. ಹೋಸ್ಟನ್ನು ಒಂದು ಖಾತೆಗೆ ಅಥವಾ ಡೊಮೈನಿಗೆ ಮೀಸಲಿಡುವ ಡೆಡಿಕೇಷನ್ ಸೌಲಭ್ಯ ಇಲ್ಲಿ ಕೆಲಸಕ್ಕೆ ಬರುವಂತೆ ಕಾಣುವುದಿಲ್ಲ, ಏಕೆಂದರೆ ಸಿಸ್ಟಂ ವಿಎಂಗಳು ಸಿಸ್ಟಂ ಖಾತೆಗೆ ಸೇರಿದ್ದು, ಹೋಸ್ಟನ್ನು ಯಾರಿಗೆ ಮೀಸಲಿಟ್ಟರೂ ಅವು ಅದನ್ನು ಲೆಕ್ಕಿಸದೆ ಎಲ್ಲಿ ಬೇಕಾದರೂ ಏಳಬಲ್ಲವು. ಉಳಿದ ದಾರಿಯೆಂದರೆ ಹೋಸ್ಟ್ ಟ್ಯಾಗ್, ಅಂದರೆ ಹೋಸ್ಟಿಗೆ ಹಚ್ಚುವ ಗುರುತು; ಅದೇ ಟ್ಯಾಗ್ ಕೇಳುವ ವಿಎಂಗಳು ಆ ಟ್ಯಾಗ್ ಇರುವ ಹೋಸ್ಟಿನಲ್ಲೇ ಏಳುತ್ತವೆ. ಟ್ಯಾಗ್ ಇರುವ ಹೊಸ ಸಿಸ್ಟಂ ಆಫರಿಂಗ್ (ವಿಎಂನ ಸಿಪಿಯು, ಮೆಮೊರಿ ಮುಂತಾದವನ್ನು ಗೊತ್ತುಮಾಡುವ ಮಾದರಿ) ಮಾಡಿ, ಅದರ ಯುಯುಐಡಿಯನ್ನು (ಗುರುತಿನ ಸಂಖ್ಯೆಯನ್ನು) ಗ್ಲೋಬಲ್ ಸೆಟ್ಟಿಂಗ್‌ನಲ್ಲಿ ಕೊಟ್ಟು, ಹಳೆಯ ಸೆಕೆಂಡರಿ ಸ್ಟೋರೇಜ್ ವಿಎಂ ಮತ್ತು ಕನ್ಸೋಲ್ ಪ್ರಾಕ್ಸಿಯನ್ನು ಅಳಿಸಿದರೆ ಅವು ತಾವಾಗಿಯೇ ಮತ್ತೆ ಹುಟ್ಟುತ್ತವೆ. ಅಷ್ಟರ ಮಟ್ಟಿಗೆ ಗೊಂದಲವಿಲ್ಲ.

ತೊಡಕಿರುವುದು ಇನ್ನೊಂದು ದಿಕ್ಕಿನಲ್ಲಿ. ಟ್ಯಾಗ್ ಇಲ್ಲದ ಆಫರಿಂಗಿನ ಬಳಕೆದಾರರ ವಿಎಂ, ಟ್ಯಾಗ್ ಇರುವ ಹೋಸ್ಟಿಗೂ ಹೋಗಿ ಕೂರಬಹುದು. ಹಳೆಯ ಆಫರಿಂಗ್‌ಗಳಿಗೆಲ್ಲ ಬೇರೊಂದು ಟ್ಯಾಗ್ ಹಚ್ಚದೆ ಇದನ್ನು ತಡೆದವರು ಯಾರಾದರೂ ಇದ್ದೀರಾ? ಸಿಸ್ಟಂ ವಿಎಂಗಳಿಗೆ ಬೇರೆ ಕ್ಲಸ್ಟರನ್ನೇ ಕಟ್ಟುವುದು ಉತ್ತಮವೇ? ನೂರಾರು ರೂಟರ್‌ಗಳನ್ನು ಗ್ರಾಹಕರಿಗೆ ಹೆಚ್ಚು ಅಡಚಣೆಯಾಗದಂತೆ ಸ್ಥಳಾಂತರಿಸಿದ ಅನುಭವವಿದ್ದರೆ ದಯವಿಟ್ಟು ಅದನ್ನೂ ಬರೆಯಿರಿ.