ವಾರ್‌ಸ್ಪೈಟ್ ಎರಡು ಮಹಾಯುದ್ಧಗಳಲ್ಲಿ ಹೇಗೆ ಬಾಳಿತು? ಹಡಗು ಇಂಜಿನಿಯರ್‌ಗೆ ಪ್ರಶ್ನೆಗಳು

ಪ್ರಶ್ನೆ: ಸರ್, ನಮಸ್ಕಾರ. ನೀವು ಹಡಗು ರಿಪೇರಿ ಕೆಲಸದಲ್ಲೇ ಇದ್ದವರು, ಅದಕ್ಕೇ ಕೇಳುತ್ತಿದ್ದೇನೆ. ಬ್ರಿಟಿಷರ ವಾರ್‌ಸ್ಪೈಟ್ ಅನ್ನೋ ಬ್ಯಾಟಲ್‌ಶಿಪ್ ಎರಡೂ ಮಹಾಯುದ್ಧಗಳಲ್ಲಿ ಹೋರಾಡಿತ್ತಂತೆ. ಅಷ್ಟು ಹಳೆಯ ಹಡಗು ಹೇಗೆ ಉಪಯೋಗಕ್ಕೆ ಬಂತು?

ಉತ್ತರ: ಹೆಸರು, ಹೊರಮೈ ಹಳೆಯದು. ಒಳಗಿದ್ದದ್ದು ಬೇರೆಯೇ.

ಡೆವನ್‌ಪೋರ್ಟ್ ಡಾಕ್‌ಯಾರ್ಡ್‌ನಲ್ಲಿ 1912ರಲ್ಲಿ ಕೆಲಸ ಶುರುವಾಯಿತು. 1913ರಲ್ಲಿ ನೀರಿಗಿಳಿಯಿತು, 1915ರಲ್ಲಿ ನೌಕಾಪಡೆ ಸೇರಿತು. 15 ಇಂಚಿನ ಎಂಟು ತೋಪುಗಳು, ಒಂದೊಂದು ಗುಂಡು ಸುಮಾರು 870 ಕೆ.ಜಿ. ಆ ತೋಪನ್ನು ಹಾರಿಸಿ ನೋಡುವ ಮೊದಲೇ, ಬರೀ ನಕ್ಷೆ ನಂಬಿ ಆರ್ಡರ್ ಕೊಟ್ಟಿದ್ದರು. ನನ್ನನ್ನು ಕೇಳಿದ್ದರೆ ನಾನಂತೂ ಸಹಿ ಹಾಕುತ್ತಿರಲಿಲ್ಲ! ಆದರೆ ಬ್ರಿಟಿಷರು ಮಾಡಿದ ಒಳ್ಳೆಯ ತೋಪುಗಳಲ್ಲಿ ಅದೂ ಒಂದಾಯಿತು. ಕಲ್ಲಿದ್ದಲಿನ ಬದಲು ಪೂರ್ತಿ ಎಣ್ಣೆಯಲ್ಲೇ ಓಡುತ್ತಿತ್ತು ಅನ್ನುವುದು ಇನ್ನೊಂದು ವಿಶೇಷ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು 1934ರಿಂದ 1937ರ ನಡುವೆ. ಪೋರ್ಟ್ಸ್‌ಮತ್‌ನಲ್ಲಿ ಹಡಗಿನ ಹೊಟ್ಟೆ ಬಗೆದು ಹಳೆಯ 24 ಬಾಯ್ಲರ್ ತೆಗೆದು 6 ಹೊಸದು ಕೂರಿಸಿದರು. ಟರ್ಬೈನ್‌ಗಳೂ ಹೊಸವು. ಉಳಿದ ತೂಕದಲ್ಲಿ ಡೆಕ್‌ನ ಉಕ್ಕಿನ ಕವಚ ದಪ್ಪ ಮಾಡಿದರು. ತೋಪುಗಳು ಮೊದಲು 20 ಡಿಗ್ರಿ ಮಾತ್ರ ಏಳುತ್ತಿದ್ದವು, ಈಗ 30 ಡಿಗ್ರಿ. 1940ರ ಜುಲೈನಲ್ಲಿ ಇಟಲಿಯ ಜೂಲಿಯೊ ಚೆಜರೆಗೆ ಸುಮಾರು 24 ಕಿ.ಮೀ. ದೂರದಿಂದ ಗುಂಡು ತಾಗಿಸಿತು. ಚಲಿಸುವ ಹಡಗನ್ನು ಅಷ್ಟು ದೂರದಿಂದ ಹೊಡೆದ ಉದಾಹರಣೆ ಅಪರೂಪ. ಹಳೆಯ 20 ಡಿಗ್ರಿಯಲ್ಲಿ ಗುಂಡು ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ.

ಪ್ರಶ್ನೆ: ಚುಕ್ಕಾಣಿ ಸರಿ ಇರಲಿಲ್ಲ ಅಂತಾರಲ್ಲ ಸರ್, ಅದು ನಿಜವಾ?

ಉತ್ತರ: ನಿಜ. 1916ರ ಮೇ 31, ಜಟ್‌ಲ್ಯಾಂಡ್ ಕದನ. ಪಕ್ಕದ ವೇಲಿಯಂಟ್‌ಗೆ ಡಿಕ್ಕಿ ಆಗಬಾರದೆಂದು ಜೋರಾಗಿ ತಿರುಗಿಸಿದಾಗ ಚುಕ್ಕಾಣಿ ಸಿಕ್ಕಿಕೊಂಡಿತು. ಜರ್ಮನ್ನರ ಎದುರಿಗೇ ಎರಡು ಸುತ್ತು ಹಾಕಿತು. ವಾರಿಯರ್ ಎಂಬ ಕ್ರೂಸರ್ ಮೇಲೆ ಬೀಳುತ್ತಿದ್ದ ಹೊಡೆತವೆಲ್ಲ ಇದರ ಕಡೆ ತಿರುಗಿತು. ವಾರಿಯರ್‌ನವರಿಗೆ ಇದು ತಮ್ಮನ್ನು ಕಾಪಾಡಲೆಂದೇ ಬಂದ ಹಾಗೆ ಕಂಡಿತು! ರಿಪೇರಿ ಆದ ಮೇಲೂ ಚುಕ್ಕಾಣಿಯ ಕಾಟ ಪೂರ್ತಿ ಹೋಗಲಿಲ್ಲ.

ಪ್ರಶ್ನೆ: ನಮ್ಮ ಕಡೆ ಬಂದಿತ್ತಾ?

ಉತ್ತರ: 1942ರಲ್ಲಿ ಹಿಂದೂ ಮಹಾಸಾಗರದಲ್ಲಿತ್ತು. ಅಡ್ಮಿರಲ್ ಸಾಮರ್‌ವಿಲ್ ಅವರ ಮುಖ್ಯ ಹಡಗು. ಜಪಾನಿನವರು ಸಿಲೋನ್ ಮೇಲೆ ದಾಳಿ ಮಾಡಿದಾಗ ಮಾಲ್ಡೀವ್ಸ್‌ನ ಅಡ್ಡು ಹವಳದ್ವೀಪವನ್ನು ಬ್ರಿಟಿಷರು ಗುಟ್ಟಿನ ನೆಲೆಯಾಗಿ ಬಳಸುತ್ತಿದ್ದರು. ದೊಡ್ಡ ಕದನವೇನೂ ಆಗಲಿಲ್ಲ.

ಪ್ರಶ್ನೆ: ಕೊನೆಗೆ ಹಾಳು ಮಾಡಿದ್ದು ಯಾವುದು?

ಉತ್ತರ: 1943ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಸಲೆರ್ನೊ ಬಳಿ ಬಿದ್ದ ಜರ್ಮನ್ನರ ಫ್ರಿಟ್ಸ್ ಎಕ್ಸ್. ವಿಮಾನದಿಂದ ಬಿಟ್ಟು ರೇಡಿಯೊದಲ್ಲಿ ದಾರಿ ತೋರಿಸುವ ಬಾಂಬ್ ಅದು. ಡೆಕ್‌ಗಳನ್ನು ತೂರಿ ಬಾಯ್ಲರ್ ಕೋಣೆಯಲ್ಲಿ ಸಿಡಿಯಿತು. ಸುಮಾರು 5,000 ಟನ್ ನೀರು ನುಗ್ಗಿತು. ಮಾಲ್ಟಾಕ್ಕೆ ಎಳೆದುಕೊಂಡು ಹೋದರು. ಆಮೇಲಿನ ರಿಪೇರಿ ಅರೆಬರೆ. ತಳದ ತೂತಿಗೆ ಕಾಂಕ್ರೀಟ್, ಒಂದು ತೋಪಿನ ಗೋಪುರ ಬಂದ್. ಹಾಗಿದ್ದೂ 1944ರ ಜೂನ್ 6ರಂದು ಉಳಿದ ಆರು ತೋಪುಗಳಿಂದ ನಾರ್ಮಂಡಿ ತೀರಕ್ಕೆ ಗುಂಡು ಹಾರಿಸಿತು. ತೀರದ ಮೇಲೆ ಗುಂಡು ಹಾಕಲು ವೇಗ ಬೇಕಿಲ್ಲ, ಅಲ್ವಾ? ತೋಪು ನೆಟ್ಟಗಿದ್ದರೆ ಸಾಕು.

ಪ್ರಶ್ನೆ: ಮಗಳು ಲಂಡನ್‌ನಲ್ಲಿದ್ದಾಳೆ. ಹೋದಾಗ ನೋಡಬಹುದಾ?

ಉತ್ತರ: ಹಡಗಿಲ್ಲ ಸರ್. ಮ್ಯೂಸಿಯಂ ಮಾಡಿ ಅಂತ ಕೇಳಿದವರಿದ್ದರು, ಸರ್ಕಾರ ಒಪ್ಪಲಿಲ್ಲ. 1947ರ ಏಪ್ರಿಲ್‌ನಲ್ಲಿ ಗುಜರಿಗೆ ಎಳೆದೊಯ್ಯುವಾಗ ಬಿರುಗಾಳಿಗೆ ಹಗ್ಗ ಕಿತ್ತು ಕಾರ್ನ್‌ವಾಲ್‌ನ ಪ್ರಷಿಯಾ ಕೋವ್ ಬಂಡೆಗಳಿಗೆ ಬಡಿಯಿತು. ಆ ಕರಾವಳಿಯಲ್ಲೇ ವರ್ಷಗಟ್ಟಲೆ ಕತ್ತರಿಸಿ ಒಯ್ದರು. ಆ ತೋಪಿನ ಗಾತ್ರ ನೋಡಬೇಕಾದರೆ ಇಂಪೀರಿಯಲ್ ವಾರ್ ಮ್ಯೂಸಿಯಂ ಮುಂದೆ ಅದೇ ಮಾದರಿಯ ಎರಡು ಇವೆ. ಅವು ರ‍್ಯಾಮಿಲೀಸ್ ಮತ್ತು ರೆಸಲ್ಯೂಷನ್ ಹಡಗುಗಳಲ್ಲಿದ್ದವು. ಹೊರಗಡೆಯೇ ಇವೆ, ಟಿಕೆಟ್ ಬೇಡ.