ದೂರಶಿಕ್ಷಣದಲ್ಲಿ ಡೌಟ್ ಬಂದ್ರೆ ಯಾರನ್ನ ಕೇಳೋದು?

ಗದಗ ಪ್ಯಾಸೆಂಜರ್:
ಎಲ್ಲರಿಗೂ ನಮಸ್ಕಾರ. ಗದಗಿನಲ್ಲಿ ಪಿಯುಸಿ ಕಾಮರ್ಸ್ ಮುಗಿಸಿ, ಈಗ ಹುಬ್ಬಳ್ಳಿ ದುರ್ಗದಬೈಲ್ ಹತ್ತಿರ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ ಮಾಡ್ತಿದ್ದೇನೆ. ಜೊತೆಗೆ ದೂರಶಿಕ್ಷಣದಲ್ಲಿ ಬಿಕಾಂ. ಪುಸ್ತಕ ಬಂದಿವೆ, ರೈಲಿನಲ್ಲಿ ಓದುತ್ತೇನೆ. ಪಾಲುದಾರಿಕೆ ಲೆಕ್ಕ ಬಂದ್ರೆ ಮಾತ್ರ ಗಾಡಿ ನಿಲ್ಲುತ್ತೆ. ಪಿಯುಸಿಯಲ್ಲಿ ಸರ್ ನಮ್ಮ ಮುಖ ನೋಡಿಯೇ ‘ಏ, ತಿಳೀಲಿಲ್ಲ ಹೌದಿಲ್ಲೋ?’ ಅಂತ ಮತ್ತೆ ಶುರು ಮಾಡೋರು. ಇಲ್ಲಿ ಅಸೈನ್‌ಮೆಂಟ್ ಕಳಿಸಿದೆ, ಬರೀ ಅಂಕ ಬಂತು. ಎಲ್ಲಿ ತಪ್ಪಿದೆ ಅಂತ ಒಂದು ಸಾಲೂ ಇಲ್ಲ. ದೂರಶಿಕ್ಷಣ ಅಂದ್ರೆ ಇಷ್ಟೇನಾ? ಕೆಲಸ ಬಿಟ್ಟು ರೆಗ್ಯುಲರ್ ಕಾಲೇಜು ಸೇರಲಾ?

ಧಾರವಾಡ ಮಾಸ್ತರ:
ಕೆಲಸ ಬಿಡಬೇಡ ತಮ್ಮಾ. ನಾನು ಧಾರವಾಡದಲ್ಲಿ ಅಕೌಂಟೆನ್ಸಿ ಕಲಿಸಿ ನಿವೃತ್ತನಾದವನು. ಭಾನುವಾರ ಅಧ್ಯಯನ ಕೇಂದ್ರದಲ್ಲಿ ದೂರಶಿಕ್ಷಣದವರಿಗೂ ಪಾಠ ಮಾಡಿದ್ದೇನೆ. ಕೊರೊನಾ ಕಾಲದಲ್ಲಿ ಮೊಬೈಲ್ ಮುಂದೆ ಕೂತೂ ಕಲಿಸಿದ್ದಾಯ್ತು.

ಕ್ಲಾಸಿನಲ್ಲಿ ತಿಳಿಯದಿದ್ರೆ ಯಾರೂ ಕೈ ಎತ್ತಲ್ಲ. ಆದ್ರೆ ಪೆನ್ನು ನಿಲ್ಲುತ್ತವೆ. ಹಿಂದಿನ ಬೆಂಚಿನವರು ಪಕ್ಕದವರ ನೋಟ್‌ಬುಕ್ಕಿನಲ್ಲಿ ಇಣುಕುತ್ತಾರೆ. ಅಷ್ಟು ಕಂಡರೆ ಸಾಕು, ಬೋರ್ಡ್ ಒರೆಸಿ ಮೊದಲಿಂದ ಶುರು. ಫೋನಿನಲ್ಲಿ ಅದು ಹೋಯ್ತು. ಎಲ್ಲರ ವಿಡಿಯೋ ಆಫ್. ‘ತಿಳೀತಾ?’ ಅಂದ್ರೆ ಸಾಲಾಗಿ ‘ಎಸ್ ಸರ್’.

ಕೊನೆಗೆ ಹಾಗೆ ಕೇಳೋದೇ ಬಿಟ್ಟೆ. ಸಣ್ಣ ಲೆಕ್ಕ ಕೊಟ್ಟು, ಉತ್ತರದ ಅಂಕಿ ಮಾತ್ರ ಟೈಪ್ ಮಾಡಿ ಅಂತಿದ್ದೆ. ಎ ಮತ್ತು ಬಿ ಪಾಲುದಾರರು, ಲಾಭ 3:2. ಸಿ 1/5 ಪಾಲಿಗೆ ಸೇರುತ್ತಾನೆ. ಸಂಸ್ಥೆಯ ಗುಡ್‌ವಿಲ್, ಅಂದ್ರೆ ಅದು ಗಳಿಸಿದ ಹೆಸರಿನ ಬೆಲೆ, 80,000 ರೂಪಾಯಿ. ಸಿ ತನ್ನ ಪಾಲಿನ ಗುಡ್‌ವಿಲ್ ತಂದು ಹಳಬರಿಗೆ ಕೊಡಬೇಕು, ಅವರು 3:2ರಲ್ಲೇ ಹಂಚಿಕೊಳ್ತಾರೆ. ಅದರಲ್ಲಿ ಎ ಗೆ ಎಷ್ಟು? ಉತ್ತರ 9,600. ಕೆಲವರು 8,000 ಹಾಕೋರು. ಅಂದ್ರೆ ಸಿ ಪಾಲು 16,000 ಸರಿಯಾಗಿಯೇ ತೆಗೆದಿದ್ದಾರೆ, ಹಂಚುವಾಗ ಅರ್ಧರ್ಧ ಮಾಡಿದ್ದಾರೆ. 48,000 ಹಾಕಿದವರು ಸಿ ಪಾಲು ತೆಗೆಯದೆ ಪೂರ್ತಿ 80,000 ಹಂಚಿದ್ದಾರೆ. ಯಾರಿಗೆ ಯಾವುದನ್ನ ಮತ್ತೆ ಹೇಳಬೇಕು ಅಂತ ಅಂಕಿಯೇ ಹೇಳ್ತಿತ್ತು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗರೂ ಅಂಕಿ ಹಾಕೋರು!

ದೂರದಿಂದ ಕಲಿಸೋದು ಹೊಸದೇನಲ್ಲ. 1840ರಲ್ಲೇ ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ಅಂಚೆಯಲ್ಲಿ ಶೀಘ್ರಲಿಪಿ ಕಲಿಸುತ್ತಿದ್ದ. ಕಲಿಯೋರು ಬರೆದು ಕಳಿಸೋರು, ಅವನು ತಿದ್ದಿ ವಾಪಸ್ ಕಳಿಸೋನು. ತಿದ್ದೋದೇ ಅಲ್ಲಿ ಪಾಠ. ಬರೀ ಅಂಕ ಕಳಿಸಿದವರು ನಿನಗೆ ಪುಸ್ತಕ ಮಾರಿದ್ದಾರೆ ಅಷ್ಟೇ. ನನಗೆ ಸಿಟ್ಟು ಬರೋದು ಇದಕ್ಕೇ.

ಅಮೆರಿಕದ ಪ್ರೊಫೆಸರ್ ಮೈಕೆಲ್ ಮೂರ್ 1989ರಲ್ಲಿ ಕಲಿಯುವವನ ಒಡನಾಟವನ್ನ ಮೂರು ಬಗೆ ಮಾಡಿದರು: ಪಾಠದ ಜೊತೆ, ಶಿಕ್ಷಕರ ಜೊತೆ, ಓರಗೆಯವರ ಜೊತೆ. ನಿನ್ನ ಕೈಗೆ ಬಂದಿರೋದು ಮೊದಲನೆಯದು ಮಾತ್ರ. ಸಂಪರ್ಕ ತರಗತಿ, ಅಂದ್ರೆ ದೂರಶಿಕ್ಷಣದವರಿಗೆ ಎದುರಿಗೇ ಕೂರಿಸಿ ಪಾಠ ಮಾಡೋ ಕ್ಲಾಸು, ಇದ್ರೆ ತಪ್ಪಿಸಬೇಡ, ಉಳಿದೆರಡೂ ಅಲ್ಲೇ ಸಿಗುತ್ತವೆ. ಬರೆದು ಕೇಳುವಾಗ ‘ಗುಡ್‌ವಿಲ್ ತಿಳೀಲಿಲ್ಲ ಸರ್’ ಅಂದ್ರೆ ಯಾವ ಮಾಸ್ತರನಿಗೂ ಉತ್ತರ ಹೇಳಲಿಕ್ಕೆ ಬರಲ್ಲ. ಮಾಡಿದಷ್ಟು ಲೆಕ್ಕದ ಫೋಟೋ ಕಳಿಸು. ನಿಂತ ಜಾಗಕ್ಕೆ ಗೆರೆ ಎಳಿ.

ಬ್ಯಾಡಗಿ ಅಕ್ಕ:
ಸರ್, ರೆಗ್ಯುಲರ್ ಕ್ಲಾಸು ಎಲ್ಲರಿಗೂ ಹಾಗಿರಲ್ಲ ಬಿಡಿ. ಹಾವೇರಿಯಲ್ಲಿ ನನ್ನ ಡಿಗ್ರಿ ಕ್ಲಾಸಿನಲ್ಲಿ ನೂರಕ್ಕೂ ಜಾಸ್ತಿ ಜನ. ಎದ್ದು ಕೇಳಿದ್ರೆ ಹಿಂದೆ ಕಿಸಿಕಿಸಿ ನಗೋರು. ನಾನು ಕೇಳಲೇ ಇಲ್ಲ. ಎಂಎ ದೂರಶಿಕ್ಷಣದಲ್ಲಿ ಮಾಡಿದೆ, ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೀತಾ. ಸೀಸನ್‌ನಲ್ಲಿ ಹಗಲು ಉಸಿರಾಡಲಿಕ್ಕೂ ಪುರುಸೊತ್ತಿಲ್ಲ. ಸಂಪರ್ಕ ತರಗತಿಯ ಮೇಡಂ ನಂಬರ್ ಕೊಟ್ಟಿದ್ರು. ರಾತ್ರಿ ಒಂದು ವಾಯ್ಸ್ ಮೆಸೇಜ್ ಹಾಕಿ ಮಲಗ್ತಿದ್ದೆ. ಉತ್ತರ ಎರಡು ದಿನ ಬಿಟ್ಟು ಬಂದರೂ ಬರ್ತಿತ್ತು, ನಗೋರು ಯಾರೂ ಇರಲಿಲ್ಲ.

ತಮ್ಮಾ, ನಿನ್ನ ಕೋರ್ಸಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇದೆಯಾ ಅದನ್ನ ಮೊದಲು ನೋಡು. ಇದ್ದರೆ ಡಿಗ್ರಿ ರೆಗ್ಯುಲರ್‌ಗೆ ಸಮ, ಆ ಚಿಂತೆ ಬೇಡ. ಸಂಪರ್ಕ ತರಗತಿಯಲ್ಲಿ ಗದಗ ಕಡೆಯವರು ಯಾರಾದ್ರೂ ಸಿಕ್ಕೇ ಸಿಗ್ತಾರೆ, ನಂಬರ್ ತಗೋ.

ಗದಗ ಪ್ಯಾಸೆಂಜರ್:
ಮಾನ್ಯತೆ ಇದೆ ಅಕ್ಕಾ, ನೋಡಿಯೇ ಸೇರಿದ್ದು. ಸರ್, ನಿಮ್ಮ ಲೆಕ್ಕವನ್ನೇ ಹಿಡಿದು ಕೇಳ್ತೀನಿ. ಸಿ ಆ 16,000 ನಗದು ತಂದ್ರೆ ಎಂಟ್ರಿ ಗೊತ್ತು. ಅವನು ಗುಡ್‌ವಿಲ್ ತರದೇ ಇದ್ದರೆ ಎ, ಬಿ ಗೆ ಕ್ರೆಡಿಟ್ ಕೊಡೋದು ಸರಿ, ಡೆಬಿಟ್ ಯಾರಿಗೆ? ಗೆರೆ ಎಳೆದಿರೋದು ಇಲ್ಲೇ.

ಧಾರವಾಡ ಮಾಸ್ತರ:
ಹೀಗೆ ಕೇಳು! ಲಾಭದ ಪಾಲು ತಗೊಳ್ಳೋನು ಸಿ. ದುಡ್ಡು ತಂದಿಲ್ಲ ಅಂದ್ರೆ ಅವನು ಅಷ್ಟು ಬಾಕಿದಾರ. ಸಿ ಕರೆಂಟ್ ಖಾತೆಗೆ, ಅಂದ್ರೆ ಸಂಸ್ಥೆಯ ಜೊತೆ ಅವನ ಕೊಡು-ಕೊಳ್ಳೋ ಲೆಕ್ಕಕ್ಕೆ, 16,000 ಡೆಬಿಟ್. ಎ ಬಂಡವಾಳ ಖಾತೆಗೆ 9,600, ಬಿ ಬಂಡವಾಳ ಖಾತೆಗೆ 6,400 ಕ್ರೆಡಿಟ್. ಈಗ ಸಿ 10,000 ಮಾತ್ರ ತಂದ ಅಂತ ಇಟ್ಕೊಂಡು ಎಂಟ್ರಿ ಬರೆದು ಇಲ್ಲೇ ಹಾಕು. ನಾಳೆ ಸಂಜೆ ನೋಡ್ತೀನಿ.