ವಿಂಡೋಸ್ 11 ಹಾಕಿದ ಮೇಲೆ ಪೇಜ್‌ಮೇಕರ್‌ನಲ್ಲಿ ಅಕ್ಷರ ಮಸುಕು, ದ ಯಾವುದು ಧ ಯಾವುದು ಗೊತ್ತಾಗುತ್ತಿಲ್ಲ

ಬೆಟಗೇರಿ_ಡಿಟಿಪಿ

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವುದು, ಪ್ರೂಫ್ ನೋಡುವುದು ನನ್ನ ಕೆಲಸ. ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ರಸೀದಿ ಪುಸ್ತಕ, ಆಗೊಮ್ಮೆ ಈಗೊಮ್ಮೆ ಒಂದು ಕವನ ಸಂಕಲನ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಅದಕ್ಕೇ ನಮ್ಮ ಮಾಲೀಕರು ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿ 11 ಹಾಕಿಸಿದರು. ಹಾಕಿಕೊಟ್ಟ ಹುಡುಗ "ಎಲ್ಲಾ ಓಕೆ ಮೇಡಂ" ಅಂತ ಹೇಳಿ ಹೋದ.

ಎಲ್ಲಿ ಓಕೆ ರೀ? ಪುಟ ಜೋಡಿಸಲು ಬಳಸುವ ಪೇಜ್‌ಮೇಕರ್ 7 ತೆಗೆದರೆ ಮೆನುವೂ ಮಸುಕು, ಪುಟದೊಳಗಿನ ಕನ್ನಡವೂ ಮಸುಕು. ಇಂಗ್ಲಿಷ್ ಆದರೆ ಹೇಗೋ ಅಂದಾಜಿನ ಮೇಲೆ ಓದಬಹುದು. ಕನ್ನಡದಲ್ಲಿ ಅಂದಾಜು ನಡೆಯುವುದಿಲ್ಲ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಅಷ್ಟೇ. ಡ-ಢ, ಬ-ಭ ಕೂಡ ಹಾಗೇ. ಆ ಸೀಳು ಇರಬೇಕಾದ ಕಡೆ ಈಗ ಒಂದು ಬೂದು ಕಲೆ ಕಾಣುತ್ತದೆ. ಲಗ್ನಪತ್ರಿಕೆಯಲ್ಲಿ "ವಧು" ಇದೆಯೋ "ವದು" ಇದೆಯೋ ಅಂತ ನೋಡಲು ಪ್ರತಿ ಸಲ ಜೂಮ್ 400%ಕ್ಕೆ ಹೋಗಿ ಬರಬೇಕು. ಒತ್ತಕ್ಷರದ ಕಥೆಯಂತೂ ಕೇಳಲೇಬೇಡಿ.

ಗೊತ್ತಿರುವಷ್ಟು ವಿವರ: 15.6 ಇಂಚಿನ ಸ್ಕ್ರೀನ್, ಎಂಟನೇ ಜನರೇಶನ್ ಐ3. ರೆಸಲ್ಯೂಶನ್ 1920 × 1080, ಅದರ ಪಕ್ಕ "ರೆಕಮೆಂಡೆಡ್" ಅಂತಲೇ ಇದೆ. ಸ್ಕೇಲ್ (ಅಕ್ಷರ, ಐಕಾನ್ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವ ಸೆಟ್ಟಿಂಗ್) 125%, ಅದೂ ರೆಕಮೆಂಡೆಡ್. ಮೊದಲು ಇದು 100% ಇತ್ತು. ಬ್ರೌಸರ್, ಫೈಲುಗಳ ಹೆಸರು ಎಲ್ಲ ಚೆನ್ನಾಗಿ ಕಾಣುತ್ತವೆ. ಅಕ್ಷರದ ಅಂಚು ನಯ ಮಾಡುವ ಕ್ಲಿಯರ್‌ಟೈಪ್ ಸರಿ ಮಾಡಿ ಅಂದರು, ಮಾಡಿದೆ, ಪೇಜ್‌ಮೇಕರ್ ಒಂಚೂರೂ ಬದಲಾಗಲಿಲ್ಲ.

ಇನ್ನೊಂದು. ವರ್ಡ್‌ನಲ್ಲಿ ತುಂಗಾ ಫಾಂಟ್‌ನಲ್ಲಿದ್ದ ಹಳೆಯ ಫೈಲುಗಳು ಈಗ ಬೇರೆ ಥರ ಕಾಣುತ್ತಿವೆ. ಸಾಲುಗಳೂ ಹಿಂದೆಮುಂದೆ ಆಗಿವೆ. ಇದೂ ಅದೇ ತೊಂದರೆಯಾ?

ಕೀಬೋರ್ಡ್_ಕುಟ್ಟಪ್ಪ

ಮೊದಲು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಅಂತಿದ್ದರೆ ಗ್ರಾಫಿಕ್ಸ್ ಡ್ರೈವರ್ ಕೂತಿಲ್ಲ ಅಂತ ಅರ್ಥ. ಫಾರ್ಮ್ಯಾಟ್ ಮಾಡಿದ ಮೇಲೆ ಇದು ಮಾಮೂಲಿ.

ಬೆಟಗೇರಿ_ಡಿಟಿಪಿ

ನೋಡಿದೆ ಸರ್. ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್ ಅಂತ ತೋರಿಸುತ್ತಿದೆ.

ಹಳೇ_ಮೌಸ್

ಹಾಗಾದರೆ ಡ್ರೈವರ್ ಸುದ್ದಿ ಬಿಡಿ. ಮೇಡಂ, ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಮಸುಕು ಅಂತ ಯಾರು ಬಂದರೂ ಸೆಟ್ಟಿಂಗ್ಸ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿಸುತ್ತೇನೆ. ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ, ಅಲ್ಲಿ ದೊಡ್ಡದು ಮಾಡಿ ನೋಡಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದೇ ಒಂದಿಷ್ಟು ಮಸುಕು ಮಾಡಿಬಿಡುತ್ತದೆ. ಮೊಬೈಲಿನಲ್ಲೂ ಅಕ್ಷರ ಮಸುಕಾಗಿದ್ದರೆ ತೊಂದರೆ ಕಂಪ್ಯೂಟರ್ ಒಳಗಿದೆ, ಚಿತ್ರವೇ ಕೆಟ್ಟಿದೆ. ಮೊಬೈಲಿನಲ್ಲಿ ಅಚ್ಚುಕಟ್ಟಾಗಿ ಕಂಡರೆ ಚಿತ್ರ ಸರಿ ಇದೆ. ಕೇಬಲ್, ಮಾನಿಟರ್, ಇಲ್ಲವೇ ರೆಸಲ್ಯೂಶನ್ ಹಿಡಿಯಬೇಕು. ಇದನ್ನು ನೋಡದೆ ಎಲ್ಲರೂ ಸೀದಾ ಕ್ಲಿಯರ್‌ಟೈಪ್‌ಗೆ ಓಡುತ್ತಾರೆ. ಯಾಕೋ ಏನೋ.

ನಿಮ್ಮದು ಒಳಗಿನದೇ ಅಂತ ಪಂದ್ಯ ಕಟ್ಟುತ್ತೇನೆ. ಬ್ರೌಸರ್ ಸರಿ ಇದೆ, ಪೇಜ್‌ಮೇಕರ್ ಮಾತ್ರ ಮಸುಕು ಅಂದಿರಲ್ಲ, ಅಷ್ಟು ಸಾಕು. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಆಗ ಎಲ್ಲ ಸ್ಕ್ರೀನೂ ಇಂಚಿಗೆ 96 ಚುಕ್ಕೆ ಅಂತಲೇ ಲೆಕ್ಕ ಹಿಡಿದು ಪ್ರೋಗ್ರಾಂ ಬರೆಯುತ್ತಿದ್ದರು. ವಿಂಡೋಸ್‌ಗೆ 100% ಅಂದರೆ ಇವತ್ತಿಗೂ ಅದೇ 96. 125% ಅಂದರೆ 120. ಹೊಸ ಬ್ರೌಸರ್ "ಓ, 120 ಆ?" ಅಂತ ಕೇಳಿಕೊಂಡು ಅಕ್ಷರವನ್ನು ಆ ಅಳತೆಗೇ ಬರೆಯುತ್ತದೆ. ಹಳೆಯ ಪ್ರೋಗ್ರಾಂಗೆ ಹಾಗೆ ಕೇಳುವುದೇ ಗೊತ್ತಿಲ್ಲ. ಅದು 96ಕ್ಕೇ ಬರೆಯುತ್ತದೆ. ವಿಂಡೋಸ್ ಆ ಕಿಟಕಿಯನ್ನು ಇಡಿಯಾಗಿ ಒಂದು ಚಿತ್ರದಂತೆ ಹಿಡಿದು ಎಳೆದು ದೊಡ್ಡದು ಮಾಡುತ್ತದೆ. ಪಾಸ್‌ಪೋರ್ಟ್ ಸೈಜ್ ಫೋಟೋವನ್ನು ಜೆರಾಕ್ಸ್‌ನಲ್ಲಿ ಎನ್‌ಲಾರ್ಜ್ ಮಾಡಿದ ಹಾಗೆ.

ಈಗ ನಿಮ್ಮ ಧ ತೆಗೆದುಕೊಳ್ಳಿ. ಪುಟ 100% ಜೂಮ್‌ನಲ್ಲಿದ್ದರೆ 12 ಪಾಯಿಂಟ್ ಅಕ್ಷರಕ್ಕೆ 96ರ ಲೆಕ್ಕದಲ್ಲಿ ಸಿಗುವುದು 16 ಪಿಕ್ಸೆಲ್ ಎತ್ತರ. ಅದರಲ್ಲೇ ತಲೆಕಟ್ಟು, ಹೊಟ್ಟೆ, ಒತ್ತು ಎಲ್ಲ ಆಗಬೇಕು. ಸೀಳಿಗೆ ಉಳಿಯುವುದು ಒಂದು ಪಿಕ್ಸೆಲ್, ಜಾಸ್ತಿ ಅಂದರೆ ಎರಡು. 125% ಅಂದರೆ ನಾಲ್ಕು ಪಿಕ್ಸೆಲ್ ಇದ್ದದ್ದನ್ನು ಐದಕ್ಕೆ ಹರಡಬೇಕು. ಒಂದು ಪಿಕ್ಸೆಲ್‌ನ ಗೆರೆ ಒಂದೂಕಾಲು ಆಗಬೇಕು, ಕಾಲು ಪಿಕ್ಸೆಲ್ ಅಂತ ಸ್ಕ್ರೀನಿನಲ್ಲಿ ಇಲ್ಲವಲ್ಲ. ಅದಕ್ಕೇ ಪಕ್ಕದ ಪಿಕ್ಸೆಲ್‌ಗೆ ಬೂದು ಬಣ್ಣ ಬಳಿಯುತ್ತದೆ. ನಿಮ್ಮ ಬೂದು ಕಲೆ ಅದೇ. ಕ್ಲಿಯರ್‌ಟೈಪ್ ಕೆಲಸ ಮಾಡುವುದು ಅಕ್ಷರ ಬರೆಯುವಾಗ. ಬರೆದು ಮುಗಿದ ಮೇಲೆ ಎಳೆದರೆ ಅದೇನು ಮಾಡೀತು ಹೇಳಿ.

ಸರಿ ಮಾಡುವುದು ಹೀಗೆ. ಪೇಜ್‌ಮೇಕರ್ ಮುಚ್ಚಿ. ಅದರ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬ್, ಅಲ್ಲಿ "ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್". ತೆರೆದುಕೊಂಡ ಪೆಟ್ಟಿಗೆಯ ಕೆಳಭಾಗದಲ್ಲಿ "ಓವರ್‌ರೈಡ್ ಹೈ ಡಿಪಿಐ ಸ್ಕೇಲಿಂಗ್ ಬಿಹೇವಿಯರ್" ಅಂತ ಇದೆ, ಟಿಕ್ ಹಾಕಿ. ಅದರ ಕೆಳಗೆ ಮೂರು ಆಯ್ಕೆ. "ಅಪ್ಲಿಕೇಶನ್" ಕೊಟ್ಟರೆ ವಿಂಡೋಸ್ ಎಳೆಯುವುದನ್ನೇ ಬಿಡುತ್ತದೆ. ಅಕ್ಷರ ಖಡಕ್ ಆಗಿ ಬರುತ್ತದೆ, ಆದರೆ ಮೆನು, ಪ್ಯಾಲೆಟ್ ಎಲ್ಲ ಸಣ್ಣದಾಗುತ್ತವೆ. "ಸಿಸ್ಟಮ್" ಅಂದರೆ ಈಗ ಆಗುತ್ತಿರುವುದೇ. "ಸಿಸ್ಟಮ್ ಎನ್‌ಹಾನ್ಸ್ಡ್" ಅನ್ನುವುದು 2017ರ ವಿಂಡೋಸ್ 10 ಅಪ್‌ಡೇಟ್‌ನಲ್ಲಿ ಬಂದದ್ದು. ವಿಂಡೋಸ್‌ನ ಹಳೆಯ ಪದ್ಧತಿಯಲ್ಲಿ ಅಕ್ಷರ ಬರೆಯುವ ಪ್ರೋಗ್ರಾಂಗಳಿಗೆ ಅದು ಅಕ್ಷರವನ್ನು ಮಾತ್ರ ಹೊಸ ಅಳತೆಯಲ್ಲಿ ಬರೆಸುತ್ತದೆ. ಮೊದಲು ಇದನ್ನು ನೋಡಿ. ಕೆಲವು ಪ್ರೋಗ್ರಾಂಗಳಲ್ಲಿ ಇದು ಎಡವಟ್ಟು ಮಾಡುತ್ತದೆ, ಹಾಗಾದರೆ "ಅಪ್ಲಿಕೇಶನ್" ಇಟ್ಟುಕೊಳ್ಳಿ. ಇಡೀ ಲ್ಯಾಪ್‌ಟಾಪ್ ಅನ್ನೇ ಮೊದಲಿನ ಹಾಗೆ 100%ಕ್ಕೆ ಇಳಿಸಿದರೂ ಮಸುಕು ಹೋಗುತ್ತದೆ. ಆದರೆ 15.6 ಇಂಚಿನಲ್ಲಿ ದಿನವಿಡೀ ಪ್ರೂಫ್ ನೋಡುವ ಕಣ್ಣಿಗೆ ಅದು ನ್ಯಾಯ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ಒಂದು ಸಮಾಧಾನ: ಮಸುಕು ಸ್ಕ್ರೀನಿಗೆ ಮಾತ್ರ. ಪ್ರಿಂಟರಿಗೆ ಈ ಸ್ಕೇಲ್ ಗೊತ್ತೇ ಇಲ್ಲ. ಇಷ್ಟು ದಿನ ಅಚ್ಚಾದ ಪತ್ರಿಕೆಗಳ ಚಿಂತೆ ಬೇಡ.

ತುಂಗಾದು ಬೇರೆ ವಿಷಯ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಅನ್ನುವ ಫಾಂಟ್ ಬಂತು, 10ರಿಂದ ತುಂಗಾವನ್ನು ಐಚ್ಛಿಕ ಪಟ್ಟಿಗೆ ಹಾಕಿದರು. ಫಾರ್ಮ್ಯಾಟ್ ಆದ ಮೇಲೆ ಅದು ತಾನಾಗಿ ಬಂದಿಲ್ಲ, ನಿಮ್ಮ ಫೈಲು ಬೇರೆ ಫಾಂಟ್‌ನಲ್ಲಿ ಕಾಣುತ್ತಿದೆ. ಎರಡರ ಅಗಲ ಬೇರೆ, ಅದಕ್ಕೇ ಸಾಲು ಓಡಾಡಿದೆ. ಸೆಟ್ಟಿಂಗ್ಸ್‌ನಲ್ಲಿ "ಆಪ್ಶನಲ್ ಫೀಚರ್ಸ್" ಹುಡುಕಿ, ಅದರೊಳಗೆ "ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್" ಸೇರಿಸಿ. ಇಂಟರ್ನೆಟ್ ಬೇಕು.

ಮೂಲೆಮನೆ

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು 32 ಇಂಚಿನ ಟಿವಿಗೆ ಎಚ್‌ಡಿಎಂಐನಲ್ಲಿ ಲ್ಯಾಪ್‌ಟಾಪ್ ಹಾಕಿದ್ದೇನೆ. ಸ್ಕ್ರೀನ್‌ಶಾಟ್ ಮೊಬೈಲಿನಲ್ಲಿ ಬಹಳ ಸ್ಪಷ್ಟ. ಟಿವಿಯಲ್ಲಿ ಕಪ್ಪು ಮೇಲೆ ಕೆಂಪು ಅಕ್ಷರ ಇದ್ದರೆ ಓದಲು ಆಗಲ್ಲ, ಅಂಚುಗಳೂ ಕತ್ತರಿಸಿವೆ.

ಹಳೇ_ಮೌಸ್

ನಿಮ್ಮದು ಹೊರಗಿನದು. ಅಂಚು ಕತ್ತರಿಸಿದೆ ಅಂದರೆ ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸುತ್ತಿದೆ. ಟಿವಿ ಮೆನುವಿನಲ್ಲಿ ಪಿಕ್ಚರ್ ಸೈಜ್ "ಜಸ್ಟ್ ಸ್ಕ್ಯಾನ್" ಅಥವಾ "ಸ್ಕ್ರೀನ್ ಫಿಟ್" ಮಾಡಿ, ಕಂಪನಿಗೊಂದು ಹೆಸರು. ಕೆಂಪು ಅಕ್ಷರದ್ದು ಬಣ್ಣದ ಮಾಹಿತಿ ಅರ್ಧಕ್ಕರ್ಧ ಕಡಿಮೆಯಾಗಿ ಬರುತ್ತಿರುವುದಕ್ಕೆ. ಸಿನಿಮಾಗೆ ಅದು ನಡೆಯುತ್ತದೆ, ಅಕ್ಷರಕ್ಕೆ ನಡೆಯುವುದಿಲ್ಲ. ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು "ಪಿಸಿ" ಅಂತ ಬದಲಿಸಿ, ಬಹಳ ಟಿವಿಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ. ಶಾರ್ಪ್‌ನೆಸ್ ಕೂಡ ಇಳಿಸಿ. ಏರಿಸಿದಷ್ಟೂ ಅಕ್ಷರದ ಸುತ್ತ ಬಿಳಿ ಅಂಚು ಬರುತ್ತದೆ.

ಬೆಟಗೇರಿ_ಡಿಟಿಪಿ

ಹಳೇ ಮೌಸ್ ಸರ್, ಪಂದ್ಯ ನೀವೇ ಗೆದ್ದಿರಿ. ಸ್ಕ್ರೀನ್‌ಶಾಟ್ ಮೊಬೈಲಿನಲ್ಲೂ ಮಸುಕಾಗಿಯೇ ಇತ್ತು, ಅದೇ ಚಿತ್ರದ ಕೆಳಗೆ ಟಾಸ್ಕ್‌ಬಾರ್‌ನ ಗಡಿಯಾರ ಮಾತ್ರ ಸ್ಪಷ್ಟ. "ಎನ್‌ಹಾನ್ಸ್ಡ್" ಕೊಟ್ಟು ತೆಗೆದೆ, ಧ ಅಕ್ಷರದ ಸೀಳು ಬಂತು! 100% ಜೂಮ್‌ನಲ್ಲೇ "ವಧು-ವರರು" ಓದಬಹುದು. ತುಂಗಾ ಕೂಡ ಬಂತು, ಸಾಲುಗಳು ತಮ್ಮ ಜಾಗಕ್ಕೆ ಹೋದವು. ಮಾಲೀಕರು ಹೊಸ ಲ್ಯಾಪ್‌ಟಾಪೇ ಬೇಕೇನೋ ಅಂತ ರೇಟ್ ಕೇಳಲು ಶುರು ಮಾಡಿದ್ದರು, ಅವರಿಗಂತೂ ಭಾರಿ ಖುಷಿ.

ಟೂಲ್‌ಬಾಕ್ಸ್‌ನಲ್ಲಿರುವ ಸಣ್ಣ ಚಿತ್ರಗಳು ಮಾತ್ರ ಇನ್ನೂ ಮಸುಕು. ಅದಕ್ಕೇನಾದರೂ ಮಾಡಬಹುದಾ?

ಹಳೇ_ಮೌಸ್

ಇಲ್ಲ ಮೇಡಂ. ಅವು ಅಕ್ಷರ ಅಲ್ಲ, 2001ರಲ್ಲಿ ಚುಕ್ಕೆ ಚುಕ್ಕೆಯಾಗಿ ಬಿಡಿಸಿಟ್ಟ ಚಿತ್ರಗಳು. "ಎನ್‌ಹಾನ್ಸ್ಡ್" ಅವನ್ನು ಎಳೆಯುತ್ತಲೇ ಇರುತ್ತದೆ. ಚಿತ್ರವೂ ಖಡಕ್ ಬೇಕು ಅಂದರೆ "ಅಪ್ಲಿಕೇಶನ್" ಕೊಟ್ಟು ಸಣ್ಣ ಮೆನುವಿಗೆ ಹೊಂದಿಕೊಳ್ಳಬೇಕು. ಬಾಣದ ಗುರುತು ಯಾವುದು, ಟಿ ಯಾವುದು ಅಂತ ಕಂಡರೆ ಸಾಕು ಅಲ್ವಾ, ಬಿಟ್ಟುಬಿಡಿ. ಹಾಂ, ಮುಂದೆ ಎರಡನೇ ಮಾನಿಟರ್ ಜೋಡಿಸಿದರೆ ಅದಕ್ಕೆ ಸ್ಕೇಲ್ ಬೇರೆಯೇ ಇರುತ್ತದೆ. ಪೇಜ್‌ಮೇಕರ್ ಕಿಟಕಿಯನ್ನು ಅಲ್ಲಿಗೆ ಎಳೆದಾಗ ಮತ್ತೆ ಮಸುಕು ಕಂಡರೆ ಗಾಬರಿಯಾಗಬೇಡಿ, ಇಲ್ಲೇ ಬರೆಯಿರಿ.